ರಾತ್ರಿ ಪಾಳಿಯ ಸಿಸ್ಟರ್ ಮಾತಿಗೆ ಅಧಿಕಾರ ತರುವುದು ಹೇಗೆ

ಪ್ರತಿ ವರ್ಷ ಮೇ 12ರಂದು ಮೈಸೂರು, ಮಂಡ್ಯದ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರ ದಿನವನ್ನು ಆಚರಿಸಿ, ದೀಪ ಹಚ್ಚಿ, ಹಿರಿಯ ಸಿಸ್ಟರುಗಳಿಗೆ ಶಾಲು ಹೊದಿಸುತ್ತಾರೆ. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ಅದೇ ಸಿಸ್ಟರ್ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ "ಈ ರೋಗಿ ಸರಿಯಿಲ್ಲ, ಬನ್ನಿ" ಎಂದಾಗ ಯಾರಾದರೂ ಎದ್ದು ಬರುತ್ತಾರೆಯೇ ಎನ್ನುವುದರಲ್ಲಿ ಅವರಿಗೆ ನಿಜವಾಗಿ ಎಷ್ಟು ಅಧಿಕಾರವಿದೆ ಎಂಬುದು ತಿಳಿಯುತ್ತದೆ. ಅನೇಕ ವರ್ಷ ವಾರ್ಡುಗಳಲ್ಲಿ ದುಡಿದವಳಾಗಿ, ನರ್ಸಿಂಗ್ ಸೂಪರಿಂಟೆಂಡೆಂಟರು, ವಾರ್ಡ್ ಇನ್‌ಚಾರ್ಜ್‌ಗಳು ಮತ್ತು ಆಸ್ಪತ್ರೆಯ ಆಡಳಿತದವರು ಈ ಅಧಿಕಾರವನ್ನು ಹೇಗೆ ಕಟ್ಟಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ. ಸಿಸ್ಟರ್ ಎಂದಲ್ಲೆಲ್ಲ ಬ್ರದರ್‌ಗಳೂ ಸೇರಿದ್ದಾರೆ.

ಮೊದಲು ಮಾಡಬೇಕಾದದ್ದು, ವೈದ್ಯರಿಗಾಗಿ ಕಾಯದೆ ಶುಶ್ರೂಷಾಧಿಕಾರಿ ತಾನೇ ಕೈಗೊಳ್ಳಬಹುದಾದ ಕ್ರಮಗಳನ್ನು ಬರಹಕ್ಕಿಳಿಸಿ, ವೈದ್ಯಕೀಯ ಅಧೀಕ್ಷಕರ ಸಹಿ ಹಾಕಿಸಿ, ವಾರ್ಡಿನ ಕೈಪಿಡಿಯಲ್ಲಿ ಇಡುವುದು. ಬಾಯಿಮಾತಿನಲ್ಲಿ ಕೊಟ್ಟ ಅಧಿಕಾರ ಡ್ಯೂಟಿ ಡಾಕ್ಟರ್ ಬದಲಾದ ಕೂಡಲೇ ಇಲ್ಲವಾಗುತ್ತದೆ. ಹೆರಿಗೆ ವಾರ್ಡನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ನಂಜು ಏರಿ ಫಿಟ್ಸ್ ಬಂದ ಬಾಣಂತಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುವಾಗ, ಪ್ರತಿ ಮುಂದಿನ ಡೋಸಿಗೂ ಮುನ್ನ ಮೂರು ಸಂಗತಿಗಳನ್ನು ನೋಡಲೇಬೇಕು: ಉಸಿರಾಟ ನಿಮಿಷಕ್ಕೆ 16ಕ್ಕಿಂತ ಕಡಿಮೆಯಿರಬಾರದು, ಮೊಣಕಾಲಿನ ಜರ್ಕ್ (ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದು) ಇರಬೇಕು, ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾಗಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಡೋಸನ್ನು ತಡೆಹಿಡಿಯುವ, ಪ್ರತಿವಿಷವಾದ ಕ್ಯಾಲ್ಸಿಯಂ ಗ್ಲೂಕೋನೇಟನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ವೈದ್ಯರನ್ನು ಕರೆಯುವ ಹಕ್ಕು ಹಾಸಿಗೆಯ ಪಕ್ಕದಲ್ಲಿರುವವರಿಗೆ ಇರಬೇಕು. "ಶೀಟಿನಲ್ಲಿ ಬರೆದಿದೆ, ಕೊಡಿ" ಎಂದು ಯಾರೂ ಅವರನ್ನು ಗದರುವಂತಿರಬಾರದು. ರಕ್ತ ಕೊಡುವಾಗ ರೋಗಿಗೆ ಚಳಿ, ಜ್ವರ, ಮೈಮೇಲೆ ಗಂಧೆ ಕಾಣಿಸಿದರೆ ರಕ್ತವನ್ನು ತಕ್ಷಣ ನಿಲ್ಲಿಸಿ, ನಾರ್ಮಲ್ ಸಲೈನ್ ಹರಿಸಿ ರಕ್ತನಾಳಕ್ಕೆ ಹಾಕಿದ ಲೈನ್ ಉಳಿಸಿಕೊಂಡು, ವೈದ್ಯರಿಗೆ ತಿಳಿಸಿ, ಚೀಲವನ್ನು ರಕ್ತನಿಧಿಗೆ ಹಿಂದಿರುಗಿಸುವುದೂ ಇದೇ ಪಟ್ಟಿಗೆ ಸೇರಬೇಕು. ಪಟ್ಟಿ ಉದ್ದವಾಗಬೇಕಿಲ್ಲ, ಪ್ರತಿ ವಾರ್ಡಿಗೆ ಅದರದೇ ಐದಾರು ಅಂಶಗಳು ಸಾಕು.

ಎರಡನೆಯದು ವೈದ್ಯರನ್ನು ಕರೆಯುವ ಕ್ರಮ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನ ಅನಾಹುತಗಳು ಆಗುವುದು ತಿಳಿವಳಿಕೆಯ ಕೊರತೆಯಿಂದಲ್ಲ, ತಿಳಿದದ್ದನ್ನು ಹೇಳಲು ಹಿಂಜರಿಯುವುದರಿಂದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ "ಬಿಪಿ ಸ್ವಲ್ಪ ಕಡಿಮೆ ಇದೆ ಸರ್" ಎಂದಷ್ಟೇ ಹೇಳಿ ಫೋನ್ ಇಡುತ್ತಿದ್ದೆ. ಆ "ಸ್ವಲ್ಪ" ಎಂಬ ಮಾತಿನ ಹಿಂದೆ ನನ್ನ ಆತಂಕವೆಲ್ಲ ಅಡಗಿ ಕುಳಿತಿರುತ್ತಿತ್ತು, ನಿದ್ದೆಗಣ್ಣಿನಲ್ಲಿ ಕೇಳುವವರಿಗೆ ಅದು ಕಾಣುವುದಾದರೂ ಹೇಗೆ? ಅಮೆರಿಕದ ನೌಕಾಪಡೆಯಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಎಂಬ ಕ್ರಮ ಈ ಹಿಂಜರಿಕೆಗೆ ಒಳ್ಳೆಯ ಔಷಧ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ನಾಲ್ಕು ಮೆಟ್ಟಿಲು ಅದರಲ್ಲಿವೆ. ನಮ್ಮ ವಾರ್ಡಿನ ಭಾಷೆಯಲ್ಲಿ ಅದು ಹೀಗಿರಬಹುದು: "ಸರ್, ಸ್ತ್ರೀರೋಗ ವಾರ್ಡಿಂದ ಮಾತಾಡ್ತಿದ್ದೀನಿ. ಒಂಬತ್ತನೇ ಬೆಡ್ಡಿನವರಿಗೆ ಬಿಪಿ 84/50, ಪಲ್ಸ್ 128 ಇದೆ. ಮಧ್ಯಾಹ್ನ ಗರ್ಭಕೋಶ ತೆಗೆದಿದ್ದಾರೆ, ಸಂಜೆ ಆರಕ್ಕೆ ಬಿಪಿ 118/76 ಇತ್ತು, ಕಳೆದ ಎರಡು ಗಂಟೆಯಲ್ಲಿ ಯೂರಿನ್ 20 ಎಂಎಲ್ ಮಾತ್ರ. ಒಳಗಡೆ ಬ್ಲೀಡಿಂಗ್ ಆಗ್ತಿರಬಹುದು ಅಂತ ನನಗೆ ಅನ್ನಿಸುತ್ತೆ. ನೀವು ಈಗಲೇ ಬಂದು ನೋಡಬೇಕು, ಅಷ್ಟರಲ್ಲಿ ಇನ್ನೊಂದು ಲೈನ್ ಹಾಕಿ ರಕ್ತ ಹೊಂದಿಸೋಕೆ ಕ್ರಾಸ್‌ಮ್ಯಾಚ್‌ಗೆ ಸ್ಯಾಂಪಲ್ ಕಳಿಸ್ಲಾ?"

ಇದರಲ್ಲಿ ಮೂರನೆಯ ಮೆಟ್ಟಿಲೇ ಕಷ್ಟದ್ದು. ರೋಗದ ಬಗ್ಗೆ ಅಭಿಪ್ರಾಯ ಹೇಳುವುದು ತಮ್ಮ ಕೆಲಸವಲ್ಲ ಎಂದು ನಂಬಿಸಿ ಬೆಳೆಸಿದ ಹುಡುಗಿಯರ ಬಾಯಲ್ಲಿ "ನನಗೆ ಹೀಗನ್ನಿಸುತ್ತದೆ" ಎಂಬ ಮಾತು ಸುಲಭವಾಗಿ ಹೊರಡುವುದಿಲ್ಲ. ಆದ್ದರಿಂದ ಇನ್‌ಚಾರ್ಜ್ ಸಿಸ್ಟರ್ ವಾರಕ್ಕೊಮ್ಮೆ ಹದಿನೈದು ನಿಮಿಷ ಹೊಸಬರನ್ನು ಕೂರಿಸಿಕೊಂಡು, ತಾವೇ ವೈದ್ಯರ ಪಾತ್ರ ವಹಿಸಿ, ಈ ಮಾತುಗಳನ್ನು ಗಟ್ಟಿಯಾಗಿ ಆಡಿಸಬೇಕು. ಸಾಧ್ಯವಾದರೆ ತರಬೇತಿಯಲ್ಲಿರುವ ಕಿರಿಯ ವೈದ್ಯರಾದ ಹೌಸ್ ಸರ್ಜನ್ನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ಕೇಳುವ ಅಭ್ಯಾಸವೂ ಕಲಿತೇ ಬರಬೇಕಾದದ್ದು.

ಕರೆದರೂ ಬಾರದಿದ್ದರೆ ಏನು ಮಾಡಬೇಕೆಂಬುದನ್ನೂ ಮೊದಲೇ ನಿರ್ಧರಿಸಿರಬೇಕು. ಹತ್ತು ನಿಮಿಷದಲ್ಲಿ ಡ್ಯೂಟಿ ಡಾಕ್ಟರ್ ಬರದಿದ್ದರೆ ಪಿಜಿಗೆ (ಸ್ನಾತಕೋತ್ತರ ಓದುತ್ತಿರುವ ವೈದ್ಯರಿಗೆ), ನಂತರ ಯೂನಿಟ್ಟಿನ ಹಿರಿಯರಿಗೆ, ಅವರೂ ಸಿಗದಿದ್ದರೆ ಆ ರಾತ್ರಿಯ ಆಡಳಿತಾಧಿಕಾರಿಗೆ ಫೋನ್ ಮಾಡಬೇಕು ಎಂಬ ಕ್ರಮವನ್ನು ಹೆಸರು, ನಂಬರ್ ಸಹಿತ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ. ಮೇಲಿನವರಿಗೆ ಫೋನ್ ಮಾಡಿದ್ದಕ್ಕಾಗಿ ಬೆಳಿಗ್ಗೆ ಯಾರೂ ಸಿಸ್ಟರನ್ನು ವಿಚಾರಿಸುವಂತಿಲ್ಲ ಎಂದು ಆಡಳಿತ ಲಿಖಿತವಾಗಿ ಹೇಳಬೇಕು. ಕರೆದ ಸಮಯ, ಬಂದ ಸಮಯ ಎರಡನ್ನೂ ಕೇಸ್ ಶೀಟಿನಲ್ಲಿ ಬರೆಯಬೇಕು. ಫೋನಿನಲ್ಲಿ ಕೊಟ್ಟ ಆರ್ಡರನ್ನು ಬರೆದುಕೊಂಡು, ಔಷಧದ ಹೆಸರು, ಪ್ರಮಾಣಗಳನ್ನು ಅವರಿಗೇ ತಿರುಗಿ ಓದಿ ಹೇಳಿ, "ಹೌದು" ಎನ್ನಿಸಿಕೊಂಡ ಮೇಲೆಯೇ ಕೊಡಬೇಕು. ವೈದ್ಯರು ಬಂದೊಡನೆ ಅದಕ್ಕೆ ಸಹಿ ಪಡೆಯಬೇಕು.

ಪಾಳಿ ಬದಲಾಗುವಾಗ ಓವರ್ ಕೊಡುವುದು, ಅಂದರೆ ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವುದು, ಮೇಜಿನ ಬಳಿ ಅಲ್ಲ, ಹಾಸಿಗೆಯ ಬಳಿ ನಡೆಯಲಿ. ಹೆಗ್ಗಡದೇವನಕೋಟೆಯಿಂದಲೋ ನಾಗಮಂಗಲದಿಂದಲೋ ಬಂದ ರೋಗಿಯ ಜೊತೆಗಿರುವ ಮಗಳು "ಸಿಸ್ಟರಮ್ಮ, ನಮ್ಮವ್ವ ರಾತ್ರಿಯಿಂದ ಒಂಥರಾ ಆಡ್ತಾವ್ಳೆ" ಎನ್ನುವುದು ಮೊದಲು ಸಿಸ್ಟರ ಕಿವಿಗೇ ಬೀಳುತ್ತದೆ, ಮತ್ತು ಆ "ಒಂಥರಾ" ಅನೇಕ ಸಲ ಆಮ್ಲಜನಕ ಇಳಿಯುತ್ತಿರುವುದರ ಅಥವಾ ಸಕ್ಕರೆ ಕುಸಿಯುತ್ತಿರುವುದರ ಮೊದಲ ಸೂಚನೆಯಾಗಿರುತ್ತದೆ. ಈ ಮಾತು ವೈದ್ಯರಿಗೆ ಮುಟ್ಟಬೇಕಾದರೆ ರೌಂಡ್ಸಿನ ಜಾಗವೂ ಬದಲಾಗಬೇಕು. ಬೋಧನಾ ಆಸ್ಪತ್ರೆಗಳಲ್ಲಿ ಪ್ರಾಧ್ಯಾಪಕರು, ಪಿಜಿಗಳು, ವಿದ್ಯಾರ್ಥಿಗಳು ಹಾಸಿಗೆಯನ್ನು ಸುತ್ತುವರಿದು ನಿಂತಾಗ, ರಾತ್ರಿಯಿಡೀ ಆ ರೋಗಿಯನ್ನು ನೋಡಿಕೊಂಡ ಸಿಸ್ಟರ್ ಕೇಸ್ ಶೀಟುಗಳನ್ನು ಹಿಡಿದು ಎಲ್ಲರ ಹಿಂದೆ ನಿಂತಿರುತ್ತಾರೆ. ಅವರನ್ನು ತಲೆದಿಂಬಿನ ಪಕ್ಕಕ್ಕೆ ಕರೆದು, ಮೊದಲ ಒಂದು ನಿಮಿಷ ಅವರೇ ಮಾತಾಡಲಿ ಎಂದು ಯೂನಿಟ್ ಮುಖ್ಯಸ್ಥರು ನಿಯಮ ಮಾಡಿದರೆ ಸಾಕು, ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಸಿಬ್ಬಂದಿಯ ಸಂಖ್ಯೆಯ ವಿಷಯದಲ್ಲಿ ಗೋಳು ಹೇಳಿಕೊಂಡರೆ ಕೆಲಸವಾಗುವುದಿಲ್ಲ, ಲೆಕ್ಕ ಇಡಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು ಇರಬೇಕು; ರಜೆಗಳನ್ನು ತುಂಬಲು ಶೇ. 30 ಹೆಚ್ಚುವರಿ ಬೇಕು. ಪ್ರತಿ ಪಾಳಿಯ ಆರಂಭದಲ್ಲಿ ರೋಗಿಗಳೆಷ್ಟು, ಸಿಸ್ಟರುಗಳೆಷ್ಟು ಎಂದು ಒಂದೇ ಸಾಲಿನಲ್ಲಿ ಬರೆದಿಟ್ಟು, ತಿಂಗಳ ಕೊನೆಗೆ ಅದನ್ನು ಕೋಷ್ಟಕ ಮಾಡಿ ಅಧೀಕ್ಷಕರಿಗೆ ಸ್ವೀಕೃತಿ ಪಡೆದು ಕೊಡಿ. ಜೊತೆಗೆ ಒಂದು ವಾರ, ಇಂಡೆಂಟ್ (ಉಗ್ರಾಣದಿಂದ ಬೇಡಿಕೆಯ ಸಾಮಾನು) ತರುವುದು, ಬಿಲ್ಲಿಗೆ ಓಡುವುದು, ಲ್ಯಾಬ್ ವರದಿ ಹುಡುಕುವುದು ಮುಂತಾದ ಶುಶ್ರೂಷೆಯಲ್ಲದ ಕೆಲಸಗಳಿಗೆ ಹೋದ ಗಂಟೆಗಳನ್ನೂ ಬರೆದಿಡಿ. ಹೊಸ ಹುದ್ದೆಗಳ ಮಂಜೂರಾತಿಗೆ ವರ್ಷಗಳು ಹಿಡಿದರೂ, ಒಬ್ಬ ಅಟೆಂಡರನ್ನು ಕೊಡುವುದು ವಾರದಲ್ಲಿ ಆಗುವ ಕೆಲಸ. ಸಂಬಳದ ಮಾತು ಬಂದಾಗ ಖಾಸಗಿ ಆಸ್ಪತ್ರೆಯವರು ತಿಳಿದಿರಬೇಕಾದದ್ದು: ಸುಪ್ರೀಂ ಕೋರ್ಟಿನ ಸೂಚನೆಯ ಮೇರೆಗೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ 2016ರಲ್ಲಿ, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಕಡೆ ರಾಜ್ಯ ಸರ್ಕಾರದ ಸಮಾನ ವೇತನವನ್ನೂ, 50ಕ್ಕಿಂತ ಕಡಿಮೆ ಹಾಸಿಗೆಗಳ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಿಲ್ಲದ ವೇತನವನ್ನೂ ಶಿಫಾರಸು ಮಾಡಿತು.

ಸುರಕ್ಷತೆಯ ವಿಷಯದಲ್ಲಿ ಎರಡು ಕಾನೂನುಗಳನ್ನು ಪ್ರತಿ ಸಿಸ್ಟರೂ ಬಲ್ಲವರಾಗಿರಬೇಕು. 2009ರ ರಾಜ್ಯ ಕಾಯ್ದೆಯ ಪ್ರಕಾರ ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಹಲ್ಲೆ ಜಾಮೀನುರಹಿತ ಅಪರಾಧ; ಅದಕ್ಕೆ ಜೈಲು, ದಂಡ ಇದೆ, ಮತ್ತು ಈ ರಕ್ಷಣೆ ವೈದ್ಯರಿಗಷ್ಟೇ ಅಲ್ಲ, ಶುಶ್ರೂಷಕರಿಗೂ ಸೇರಿದೆ. ಪೊಲೀಸರಿಗೆ ದೂರು ಕೊಡುವ ಹೊಣೆಯನ್ನು ಹೊಡೆತ ತಿಂದವರ ತಲೆಗೆ ಕಟ್ಟದೆ, ಸಂಸ್ಥೆಯೇ ಹೊರಬೇಕು. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸ್ಥಳದಲ್ಲೂ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆಯನ್ನು ಹಿರಿಯ ಮಹಿಳಾ ಉದ್ಯೋಗಿಯೇ ವಹಿಸಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹತ್ತು ಜನರಿಲ್ಲದ ಚಿಕ್ಕ ನರ್ಸಿಂಗ್ ಹೋಮಿನವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಮಂಡ್ಯ, ಶ್ರೀರಂಗಪಟ್ಟಣಗಳಿಂದ ರೈಲಿನಲ್ಲಿ ಮೈಸೂರಿಗೆ ಬಂದು ಹೋಗುವವರ ಪಾಳಿಯನ್ನು ರೈಲಿನ ಸಮಯಕ್ಕೆ ಹೊಂದಿಸಿಕೊಡುವುದೂ ಸುರಕ್ಷತೆಯ ಭಾಗವೇ.

ಸೂಜಿ ಚುಚ್ಚಿಕೊಂಡರೆ ಮುಚ್ಚಿಡುವ ಅಭ್ಯಾಸ ಇನ್ನೂ ಇದೆ. ಬೈಗುಳದ ಭಯವೇ ಅದಕ್ಕೆ ಕಾರಣ. ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆ ಮಾತ್ರೆಗಳು ಆದಷ್ಟು ಎರಡು ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಆರಂಭವಾಗಿ 28 ದಿನ ನಡೆಯಬೇಕು. ಮೊದಲ ಡೋಸ್ ರಾತ್ರಿಯೂ ಸಿಗುವಂತೆ ಕ್ಯಾಶುವಾಲ್ಟಿಯಲ್ಲಿ ಇಟ್ಟಿರಬೇಕು, ಬೀಗದ ಕೈ ಯಾರ ಬಳಿ ಇದೆಯೆಂದು ಎಲ್ಲರಿಗೂ ಗೊತ್ತಿರಬೇಕು. ಕೆಲಸಕ್ಕೆ ಸೇರಿದವರೆಲ್ಲರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ಆಸ್ಪತ್ರೆಯೇ ಹಾಕಿಸಬೇಕು.

ಇಷ್ಟನ್ನೂ ಇಡೀ ಆಸ್ಪತ್ರೆಯಲ್ಲಿ ಒಂದೇ ದಿನ ಹಚ್ಚಲು ಹೋಗಬೇಡಿ. ಕೇಳಿಸಿಕೊಳ್ಳುವ ಮನಸ್ಸಿರುವ ಮುಖ್ಯಸ್ಥರ ಒಂದು ಯೂನಿಟ್ಟನ್ನು ಆರಿಸಿ, ಕರೆಯುವ ಕ್ರಮ ಮತ್ತು ಹಾಸಿಗೆ ಬಳಿಯ ಓವರ್ ಇವೆರಡನ್ನು ಮಾತ್ರ ಒಂದು ತಿಂಗಳು ನಡೆಸಿ. ಸಿಸ್ಟರ್ ಕರೆದದ್ದಕ್ಕೂ ವೈದ್ಯರು ಬಂದದ್ದಕ್ಕೂ ನಡುವೆ ಎಷ್ಟು ನಿಮಿಷ ಕಳೆಯಿತೆಂಬುದನ್ನು ಕೇಸ್ ಶೀಟುಗಳಿಂದಲೇ ಎಣಿಸಿ, ಯಾರ ಹೆಸರನ್ನೂ ಹಾಕದೆ, ವಾರವಾರವೂ ಗೋಡೆಗೆ ಅಂಟಿಸಿದ ಆ ಫೋನ್ ನಂಬರುಗಳ ಪಕ್ಕದಲ್ಲೇ ಬರೆಯುತ್ತಾ ಹೋಗಿ.