ಸಾಂಬಾರು ಚೆಲ್ಲಿದ ದಿನ: ಕ್ಯಾಲಿಫೋರ್ನಿಯಾದಲ್ಲಿ ಕೆಲಸಗಾರರನ್ನು ಇಟ್ಟುಕೊಂಡವರಿಗೆ

ನಮ್ಮ ಹೋಟೆಲಿನ ಅಡುಗೆಮನೆಯ ಹುಡುಗ ಸಾಂಬಾರಿನ ಪಾತ್ರೆ ಎತ್ತಿಕೊಂಡು ಬರುವಾಗ ಸಿಂಕ್ ಹತ್ತಿರ ಜಾರಿದ. ಮೊಣಕೈವರೆಗೆ ಕುದಿಯುವ ಸಾಂಬಾರು. ನಾನು ತಣ್ಣೀರು ಹಾಕಿದೆ, ಮುಲಾಮು ಹಚ್ಚಿದೆ, ಜೇಬಿಗೆ 200 ಡಾಲರ್ ತುರುಕಿ "ಎರಡು ದಿನ ರೆಸ್ಟ್ ತಗೋ" ಅಂತ ಮನೆಗೆ ಕಳಿಸಿದೆ. ಊರಲ್ಲಿ ನಮ್ಮಪ್ಪ ಅಂಗಡಿ ಹುಡುಗರಿಗೆ ಹೀಗೇ ಮಾಡುತ್ತಿದ್ದರು. ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಗಾಯ ಕೀವಾಯಿತು. ಹುಡುಗ ಎಮರ್ಜೆನ್ಸಿಗೆ ಹೋದ. "ಕೆಲಸದ ಜಾಗದಲ್ಲಿ ಆಗಿದ್ದಾ?" ಅಂತ ಅಲ್ಲಿ ಕೇಳಿದರು. ಅವನು ಹೌದು ಅಂದ.

ಕೆಲಸದಲ್ಲಿ ಗಾಯವಾದವರ ಚಿಕಿತ್ಸೆಗೆ, ಹೋದ ಸಂಬಳಕ್ಕೆ ಅಂತ ಇಲ್ಲಿ ಮಾಲೀಕ ಮಾಡಿಸಬೇಕಾದ ಒಂದು ವಿಮೆ ಇದೆ, ಹೆಸರು ವರ್ಕರ್ಸ್ ಕಾಂಪ್. ಆಮೇಲೆ ನನ್ನ ಕೈಗೆ ಬಂದಿದ್ದು ಅದರ ಡಿಡಬ್ಲ್ಯುಸಿ-1 ಅನ್ನುವ ಕ್ಲೇಮ್ ಫಾರ್ಮ್. ಮೇಲಿನ ಭಾಗ ಕೆಲಸಗಾರನದು, ಕೆಳಗಿನದು ಮಾಲೀಕನದು. ನಮ್ಮ ಭಾಗದಲ್ಲಿ ಮೂರು ತಾರೀಕು ಕೇಳುತ್ತಾರೆ: ಗಾಯದ ವಿಷಯ ನಿಮಗೆ ಗೊತ್ತಾಗಿದ್ದು ಯಾವತ್ತು, ಫಾರ್ಮ್ ಕೊಟ್ಟಿದ್ದು ಯಾವತ್ತು, ತುಂಬಿದ ಫಾರ್ಮ್ ವಾಪಸ್ ಬಂದಿದ್ದು ಯಾವತ್ತು. ಗೊತ್ತಾದ ಮೇಲೆ ಒಂದು ಕೆಲಸದ ದಿನದೊಳಗೆ ಫಾರ್ಮ್ ಕೊಡಬೇಕು ಅನ್ನುವುದು ಕಾನೂನು. ನನ್ನದರಲ್ಲಿ ನಡುವೆ 19 ದಿನ ಇತ್ತು. ತಾರೀಕು ಸ್ವಲ್ಪ ಆಚೀಚೆ ಮಾಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಗೊತ್ತಿದ್ದೂ ಸುಳ್ಳು ಹೇಳುವುದು ಗಂಭೀರ ಅಪರಾಧ ಅಂತ ಅದೇ ಹಾಳೆಯಲ್ಲಿ ಅಚ್ಚಾಗಿದೆ. ಇದ್ದದ್ದನ್ನೇ ಬರೆದೆ.

ಫಾರ್ಮ್ ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸಹಿ ಮಾಡಿದ ಮಾತ್ರಕ್ಕೆ ಹೊಣೆ ಒಪ್ಪಿದಂತಲ್ಲ ಅಂತಲೂ ಅದೇ ಹಾಳೆಯಲ್ಲಿ ಬರೆದಿದೆ. ಈ ವ್ಯವಸ್ಥೆಯಲ್ಲಿ ತಪ್ಪು ಯಾರದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಹುಡುಗನೇ ಅವಸರ ಮಾಡಿ ಜಾರಿದ್ದರೂ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಬದಲಾಗಿ ಸಾಮಾನ್ಯವಾಗಿ ಅವನು ನಿಮ್ಮ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ವಿಮೆ ಇಲ್ಲದಿದ್ದರೆ ಮಾತ್ರ ಈ ರಕ್ಷಣೆಯೂ ಹೋಯಿತು, ನೇರ ಕೇಸ್ ಹಾಕಬಹುದು.

ವಿಮೆ ಯಾರಿಗೆ ಕಡ್ಡಾಯ? ಒಬ್ಬನೇ ಕೆಲಸಗಾರ ಇದ್ದರೂ ಕಡ್ಡಾಯ. ಪಾರ್ಟ್ ಟೈಮ್ ಆಗಿರಲಿ, ಸಂಬಳಕ್ಕೆ ಬರುವ ಅಕ್ಕನ ಮಗ ಆಗಿರಲಿ. ಇಮಿಗ್ರೇಶನ್ ಕಾಗದ ಇಲ್ಲದವನಿಗೂ ಈ ಹಕ್ಕು ಇದೆ. "ಅವನಿಗೆ 1099 (ಕಾಂಟ್ರಾಕ್ಟರಿಗೆ ಕೊಡುವ ತೆರಿಗೆ ಫಾರ್ಮ್) ಕೊಡ್ತೀನಿ, ಅವನು ಕಾಂಟ್ರಾಕ್ಟರ್" ಅನ್ನುವ ಜಾಣತನ ಇಲ್ಲಿ ನಡೆಯುವುದು ಕಷ್ಟ. ನೀವು ಹೇಳಿದ ಹೊತ್ತಿಗೆ ಬಂದು ನಿಮ್ಮ ದೋಸೆ ಹುಯ್ಯುವವನು ನಿಮ್ಮ ಕೆಲಸಗಾರನೇ, ಅಲ್ವಾ? ಊರಲ್ಲಿ ಇಎಸ್ಐಗೆ ಕೆಲಸಗಾರನ ಸಂಬಳದಿಂದಲೂ ಸ್ವಲ್ಪ ಮುರಿಯುತ್ತಾರೆ. ಇಲ್ಲಿ ಪ್ರೀಮಿಯಂಗೆ ಒಂದು ಸೆಂಟೂ ಮುರಿಯುವಂತಿಲ್ಲ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಕೆಲಸ ನಿಲ್ಲಿಸುವ ಆದೇಶ ಬರುತ್ತದೆ. ಜೊತೆಗೆ ದಂಡ: ಒಬ್ಬೊಬ್ಬ ಕೆಲಸಗಾರನಿಗೆ 1,500 ಡಾಲರ್ ಅಥವಾ ಕಟ್ಟಬೇಕಿದ್ದ ಪ್ರೀಮಿಯಂನ ಎರಡು ಪಟ್ಟು, ಯಾವುದು ಜಾಸ್ತಿಯೋ ಅದು. ಕ್ರಿಮಿನಲ್ ಕೇಸ್ ಆದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು.

ಗಾಯ ಆದಾಗ ಮೊದಲು ಚಿಕಿತ್ಸೆ. ಫಾರ್ಮ್ ವಾಪಸ್ ಬಂದ ಒಂದು ಕೆಲಸದ ದಿನದೊಳಗೆ ಚಿಕಿತ್ಸೆಗೆ ಒಪ್ಪಿಗೆ ಸಿಗಬೇಕು. ಕ್ಲೇಮ್ ತೀರ್ಮಾನ ಆಗುವ ತನಕ 10,000 ಡಾಲರ್‌ವರೆಗಿನ ಖರ್ಚು ವಿಮೆಯ ಕಡೆಯಿಂದಲೇ. 5020 ಅನ್ನುವ ಮಾಲೀಕನ ವರದಿ ಗಾಯದ ವಿಷಯ ಗೊತ್ತಾದ ಐದು ದಿನದೊಳಗೆ ವಿಮಾ ಕಂಪನಿಗೆ ಹೋಗಬೇಕು. ಫಾರ್ಮ್ ವಾಪಸ್ ಬಂದ 90 ದಿನದೊಳಗೆ ಕ್ಲೇಮ್ ತಿರಸ್ಕರಿಸದಿದ್ದರೆ ಗಾಯ ಕೆಲಸದ್ದೇ ಅಂತ ಕಾನೂನು ಎಣಿಸುತ್ತದೆ. ನಿಮಗೆ ಅನುಮಾನ ಇದ್ದರೂ ಬೇಗ ತಿಳಿಸಿ. ಸುಮ್ನೆ ಕೂತರೆ ತನಿಖೆ ಮಾಡುವ ದಿನಗಳು ನಿಮ್ಮ ಕೈಯಿಂದಲೇ ಹೋಗುತ್ತವೆ. ತರಕಾರಿ ಮೆಶಿನ್‌ಗೆ ಬೆರಳು ತುಂಡಾಯಿತು, ಆಸ್ಪತ್ರೆಗೆ ಅಡ್ಮಿಟ್ ಮಾಡಿದರು ಅನ್ನುವಂಥದ್ದಾದರೆ ಕ್ಯಾಲ್-ಓಶಾಗೆ (ಕೆಲಸದ ಜಾಗದ ಸುರಕ್ಷತೆ ನೋಡುವ ರಾಜ್ಯದ ಇಲಾಖೆ) ತಕ್ಷಣ, ಹೆಚ್ಚೆಂದರೆ 8 ಗಂಟೆಯೊಳಗೆ ತಿಳಿಸಬೇಕು. ವಿಮೆಯವರಿಗೆ ಹೇಳಿದ್ದೇನೆ ಅಂದರೆ ಸಾಲದು, ಅದು ಬೇರೆ ಇಲಾಖೆ.

ಕೆಲಸಕ್ಕೆ ಬರಲಾಗದ ದಿನಗಳಿಗೆ ಸರಾಸರಿ ವಾರದ ಸಂಬಳದ ಮೂರನೇ ಎರಡು ಭಾಗವನ್ನು ಒಂದು ಮಿತಿಯೊಳಗೆ ವಿಮೆಯವರು ಕೊಡುತ್ತಾರೆ. ಮೊದಲ ಮೂರು ದಿನಕ್ಕೆ ಇಲ್ಲ, ಆದರೆ ಅಡ್ಮಿಟ್ ಆದರೆ ಅಥವಾ ರಜೆ 14 ದಿನ ದಾಟಿದರೆ ಅದೂ ಸೇರುತ್ತದೆ. ನಮ್ಮ ಹುಡುಗನಿಗೆ ಡಾಕ್ಟರ್ "ಭಾರ ಎತ್ತಬಾರದು, ನೀರಲ್ಲಿ ಕೈ ಇಡಬಾರದು" ಅಂತ ಬರೆದುಕೊಟ್ಟರು. ಪಾರ್ಸೆಲ್ ಕೌಂಟರಿಗೆ ಹಾಕಿದೆ, ಮೂರು ವಾರ ಚಟ್ನಿ ಡಬ್ಬಿಗೆ ಮುಚ್ಚಳ ಹಾಕಿದ. ರಜೆಯ ದಿನ ಕಡಿಮೆಯಾದರೆ ಕ್ಲೇಮಿನ ಖರ್ಚೂ ಕಡಿಮೆ. ಖರ್ಚು ಜಾಸ್ತಿಯಾದರೆ ಮುಂದೆ ನಿಮ್ಮ ಪ್ರೀಮಿಯಂ ಏರಬಹುದು.

ಕ್ಲೇಮ್ ಹಾಕಿದ ಅಂತ ಸಿಟ್ಟಿನಲ್ಲಿ ಅವನ ಶಿಫ್ಟ್ ಕಡಿಮೆ ಮಾಡಬೇಡಿ. ಲೇಬರ್ ಕೋಡ್ 132ಎ ಇರುವುದೇ ಇದಕ್ಕೆ. ವಾಪಸ್ ಕೆಲಸ, ಹೋದ ಸಂಬಳ, ಮೇಲೆ 10,000 ಡಾಲರ್‌ವರೆಗೆ ಹೆಚ್ಚುವರಿ ಪರಿಹಾರ, ಎಲ್ಲ ನಿಮ್ಮ ತಲೆಗೇ ಬರಬಹುದು.

ಇದೆಲ್ಲ ಕ್ಯಾಲಿಫೋರ್ನಿಯಾದ ಲೆಕ್ಕ. ಟೆಕ್ಸಸ್‌ನಲ್ಲಿ ಖಾಸಗಿ ಮಾಲೀಕರು ಈ ವಿಮೆ ಬೇಡ ಅನ್ನಬಹುದು. ಓಹಾಯೋ, ವಾಷಿಂಗ್ಟನ್ ರಾಜ್ಯಗಳಲ್ಲಿ ಸರ್ಕಾರಿ ನಿಧಿಯಿಂದಲೇ ಕೊಳ್ಳಬೇಕು.

ಹೋಟೆಲ್ ಇಲ್ಲದವರೂ ಒಂದು ವಿಷಯ ನೋಡಿಕೊಳ್ಳಿ. ಮಗು ನೋಡಿಕೊಳ್ಳಲು ಮನೆಗೆ ಆಯಾ ಬರುತ್ತಾರಾ? ಗಾಯಕ್ಕೆ ಮುಂಚಿನ 90 ದಿನಗಳಲ್ಲಿ ಅವರು 52 ಗಂಟೆ ಕೆಲಸ ಮಾಡಿ 100 ಡಾಲರ್ ದುಡಿದಿದ್ದರೆ ನೀವೂ ಮಾಲೀಕರೇ. ನಿಮ್ಮ ಹೋಮ್ ಇನ್ಶೂರೆನ್ಸ್ ಏಜೆಂಟಿಗೆ ಫೋನ್ ಮಾಡಿ, ಪಾಲಿಸಿಯಲ್ಲಿ ಆಯಾಗೆ ವರ್ಕರ್ಸ್ ಕಾಂಪ್ ಇದೆಯಾ ಅಂತ ಕೇಳಿ. ಬಾಡಿಗೆ ಮನೆಯಾದರೆ ರೆಂಟರ್ಸ್ ಪಾಲಿಸಿಯ ಬಗ್ಗೆಯೂ ಅದನ್ನೇ ಕೇಳಿ, ಉತ್ತರವನ್ನು ಈಮೇಲಿನಲ್ಲಿ ತರಿಸಿಕೊಳ್ಳಿ.