ವಿರಾಮ ಕೊಟ್ಟರೂ ಪ್ರೊಸೆಸರ್ ಬಿಡದ ಬೋಯಿಂಕ್: ಹುಡುಕುವುದು ಎಲ್ಲಿ, ನಿಲ್ಲಿಸುವುದು ಹೇಗೆ?

ಕಂಪ್ಯೂಟರಿನ ಬಿಡುವಿನ ಶಕ್ತಿಯನ್ನು ವಿಜ್ಞಾನದ ಲೆಕ್ಕಗಳಿಗೆ ದಾನ ಮಾಡಲು ನೆರವಾಗುವ ತಂತ್ರಾಂಶ ಬೋಯಿಂಕ್. ಅದರಲ್ಲಿ ‘ಸಸ್ಪೆಂಡ್’ (ಸದ್ಯಕ್ಕೆ ನಿಲ್ಲಿಸು) ಒತ್ತಿದ್ದೀರಿ, ಪರದೆಯ ಮೇಲೆ ಕೆಲಸ ನಿಂತಿದೆ ಎಂದೇ ಬರೆದಿದೆ, ಆದರೂ ಲ್ಯಾಪ್‌ಟಾಪಿನ ಫ್ಯಾನ್ ಸದ್ದು ತಗ್ಗಿಲ್ಲ, ಪ್ರೊಸೆಸರ್ ಬಳಕೆಯ ಗೆರೆ ಇಳಿದಿಲ್ಲ. ಐನ್‌ಸ್ಟೈನ್ ಅಟ್ ಹೋಮ್, ರೋಸೆಟ್ಟಾ ಅಟ್ ಹೋಮ್, ಎಲ್‌ಎಚ್‌ಸಿ ಅಟ್ ಹೋಮ್‌ನಂತಹ ವಿಜ್ಞಾನ ಯೋಜನೆಗಳಿಗೆ ತಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ಕೊಡುವವರಲ್ಲಿ ಅನೇಕರು ಈ ಹಂತದಲ್ಲಿ ಬೇಸತ್ತು ತಂತ್ರಾಂಶವನ್ನೇ ತೆಗೆದುಹಾಕುತ್ತಾರೆ. ಅದಕ್ಕೆ ಮೊದಲು ಹತ್ತು ನಿಮಿಷ ವ್ಯಯಿಸಿ ಕಾರಣ ಹುಡುಕುವುದು ಒಳ್ಳೆಯದು, ಏಕೆಂದರೆ ಬಹುತೇಕ ಸಂದರ್ಭಗಳಲ್ಲಿ ದೋಷವು ತಂತ್ರಾಂಶಕ್ಕಿಂತ ಹೆಚ್ಚಾಗಿ ನಾವು ಯಾವುದನ್ನು ನಿಲ್ಲಿಸಿದೆವು ಎಂಬುದರಲ್ಲಿರುತ್ತದೆ.

ಬೋಯಿಂಕ್ ಎಂಬುದು ಒಂದೇ ಪ್ರೋಗ್ರಾಂ ಅಲ್ಲ. ನಮ್ಮ ಕಣ್ಣಿಗೆ ಕಾಣುವ ಕಿಟಕಿ ಮ್ಯಾನೇಜರ್. ಅದರ ಹಿಂದೆ ಸದ್ದಿಲ್ಲದೆ ನಡೆಯುತ್ತ ಕೆಲಸವನ್ನು ತರಿಸಿ ಹಂಚುವುದು ಕ್ಲೈಂಟ್. ನಿಜವಾಗಿ ಲೆಕ್ಕ ಮಾಡುವವು ಆಯಾ ಯೋಜನೆಯವರು ಬರೆದ ಬೇರೆ ಪ್ರೋಗ್ರಾಂಗಳು. ನೀವು ಮ್ಯಾನೇಜರಿನಲ್ಲಿ ಗುಂಡಿ ಒತ್ತಿದಾಗ ಅದು ಕ್ಲೈಂಟಿಗೆ ಹೇಳುತ್ತದೆ, ಕ್ಲೈಂಟ್ ಲೆಕ್ಕದ ಪ್ರೋಗ್ರಾಮಿಗೆ ಹೇಳುತ್ತದೆ, ಆ ಪ್ರೋಗ್ರಾಂ ತಾನಾಗಿಯೇ ನಿಲ್ಲಬೇಕು. ಈ ಮೂರು ಕೈಗಳ ನಡುವೆ ಮಾತು ಎಲ್ಲಿ ತಪ್ಪಿತು ಎಂಬುದನ್ನು ಕಂಡುಹಿಡಿಯುವುದೇ ನಮ್ಮ ಕೆಲಸ.

ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಬೋಯಿಂಕ್ ಕಿಟಕಿಯನ್ನು ಬಿಟ್ಟು ಟಾಸ್ಕ್ ಮ್ಯಾನೇಜರನ್ನು ತೆರೆಯಿರಿ. ವಿಂಡೋಸ್‌ನಲ್ಲಿ ‘ಡೀಟೇಲ್ಸ್’ ವಿಭಾಗಕ್ಕೆ ಹೋಗಿ ಸಿಪಿಯು (ಅಂದರೆ ಪ್ರೊಸೆಸರ್) ಕಾಲಮ್ಮಿನ ಮೇಲೆ ಕ್ಲಿಕ್ ಮಾಡಿದರೆ ಅದನ್ನು ಹೆಚ್ಚು ಬಳಸುತ್ತಿರುವ ಪ್ರಕ್ರಿಯೆ, ಅಂದರೆ ನಡೆಯುತ್ತಿರುವ ಪ್ರೋಗ್ರಾಂ, ಮೇಲಕ್ಕೆ ಬರುತ್ತದೆ; ಲಿನಕ್ಸ್‌ನಲ್ಲಿ ಟಾಪ್, ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ಇದೇ ಕೆಲಸಕ್ಕೆ ಒದಗುತ್ತವೆ. ಕಾಣುವ ಹೆಸರನ್ನು ಹಾಗೆಯೇ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಈ ಹೆಸರು ಸಿಕ್ಕರೆ ಅರ್ಧ ಉತ್ತರ ಸಿಕ್ಕಂತೆ, ಹೆಸರು ನೋಡದೆ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತಿರುಚುತ್ತ ಹೋದರೆ ಸಂಜೆಯಾದರೂ ಕಾರಣ ತಿಳಿಯುವುದಿಲ್ಲ.

ಹೆಸರು ಯಾವುದೋ ಯೋಜನೆಯ ಲೆಕ್ಕದ ಪ್ರೋಗ್ರಾಮಿನದ್ದಾಗಿದ್ದರೆ, ಅದು ನೀವು ನಿಲ್ಲಿಸಿದ ಕೆಲಸವೇ ಹೌದೇ ಎಂದು ನೋಡಿ. ‘ಟಾಸ್ಕ್ಸ್’ ಪಟ್ಟಿಯಲ್ಲಿ ಒಂದು ಕೆಲಸವನ್ನು ಆರಿಸಿ ಸಸ್ಪೆಂಡ್ ಮಾಡಿದರೆ, ಖಾಲಿಯಾದ ಆ ಜಾಗಕ್ಕೆ ಕ್ಲೈಂಟ್ ಸರದಿಯಲ್ಲಿರುವ ಮತ್ತೊಂದು ಕೆಲಸವನ್ನು ಕೂಡಿಸುತ್ತದೆ. ಒಂದು ಯೋಜನೆಯನ್ನೇ ನಿಲ್ಲಿಸಿದರೂ ಇನ್ನೊಂದು ಯೋಜನೆ ಆ ಅವಕಾಶ ಪಡೆಯುತ್ತದೆ. ಇದು ಅದರ ಕರ್ತವ್ಯ, ಕೆಟ್ಟುಹೋದ ಲಕ್ಷಣವಲ್ಲ. ಎಲ್ಲವನ್ನೂ ನಿಲ್ಲಿಸಬೇಕೆಂದರೆ ‘ಅಡ್ವಾನ್ಸ್ಡ್ ವ್ಯೂ’ಗೆ ಹೋಗಿ, ‘ಆಕ್ಟಿವಿಟಿ’ ಮೆನುವಿನ ಮೊದಲ ಗುಂಪಿನಲ್ಲಿರುವ ‘ಸಸ್ಪೆಂಡ್’ ಆರಿಸಬೇಕು. ಅದೇ ಮೆನುವಿನಲ್ಲಿ ಕೆಳಗೆ ಜಿಪಿಯುವಿಗೂ (ಗ್ರಾಫಿಕ್ಸ್ ಪ್ರೊಸೆಸರ್) ನೆಟ್‌ವರ್ಕಿಗೂ ಪ್ರತ್ಯೇಕ ಸಸ್ಪೆಂಡ್‌ಗಳಿವೆ. ಅವಸರದಲ್ಲಿ ಅವುಗಳನ್ನು ಒತ್ತಿದವರ ಪ್ರೊಸೆಸರ್ ಎಂದಿನಂತೆ ದುಡಿಯುತ್ತಲೇ ಇರುತ್ತದೆ. ‘ಸ್ನೂಜ್’ ಆದರೆ ತಾತ್ಕಾಲಿಕ, ಸಾಮಾನ್ಯವಾಗಿ ಒಂದು ಗಂಟೆ ಕಳೆಯುತ್ತಿದ್ದಂತೆ ಕೆಲಸ ತಾನಾಗಿ ಮತ್ತೆ ಆರಂಭವಾಗುತ್ತದೆ.

ನಿಮ್ಮ ಆದೇಶ ಕ್ಲೈಂಟಿಗೆ ತಲುಪಿತೇ ಎಂಬುದಕ್ಕೆ ‘ಈವೆಂಟ್ ಲಾಗ್’ ಸಾಕ್ಷಿ. ಕಂಟ್ರೋಲ್, ಶಿಫ್ಟ್ ಮತ್ತು ಇ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಬಳಕೆದಾರರ ಕೋರಿಕೆಯಂತೆ ಲೆಕ್ಕವನ್ನು ನಿಲ್ಲಿಸಲಾಗುತ್ತಿದೆ ಎಂಬ ಸಾಲು ನೀವು ಗುಂಡಿ ಒತ್ತಿದ ಸಮಯಕ್ಕೆ ಸರಿಯಾಗಿ ಅಲ್ಲಿರಬೇಕು. ಸಾಲು ಅಲ್ಲಿದ್ದೂ ಯಾವುದೋ ಲೆಕ್ಕ ನಡೆಯುತ್ತಿದ್ದರೆ, ಅದೇ ಯಂತ್ರದಲ್ಲಿ ಎರಡನೆಯ ಕ್ಲೈಂಟ್ ಇದೆಯೇ ಎಂದು ಹುಡುಕಿ. ಲಿನಕ್ಸ್‌ನಲ್ಲಿ ಯಂತ್ರ ಆನ್ ಆದಾಗ ಹಿನ್ನೆಲೆ ಸೇವೆಯಾಗಿ ಒಂದು, ಬಳಕೆದಾರರು ಕೈಯಾರೆ ಆರಂಭಿಸಿದ್ದು ಇನ್ನೊಂದು, ಹೀಗೆ ಎರಡು ಇರುವುದುಂಟು. ಮ್ಯಾನೇಜರ್ ಇವುಗಳಲ್ಲಿ ಒಂದರೊಡನೆ ಮಾತ್ರ ಮಾತನಾಡುತ್ತಿರುತ್ತದೆ. ಮನೆಯಲ್ಲಿ ಹಲವು ಕಂಪ್ಯೂಟರುಗಳನ್ನು ಒಂದೇ ಮ್ಯಾನೇಜರಿನಿಂದ ನೋಡಿಕೊಳ್ಳುವವರು ತಾವು ನಿಲ್ಲಿಸಿದ್ದು ಪಕ್ಕದ ಕೋಣೆಯ ಯಂತ್ರವನ್ನಲ್ಲವಷ್ಟೇ ಎಂದೂ ಖಚಿತಪಡಿಸಿಕೊಳ್ಳಬೇಕು.

ಇನ್ನು ಕಿಟಕಿ ಮುಚ್ಚುವ ವಿಚಾರ. ಮೇಲಿನ ಮೂಲೆಯ ಅಡ್ಡಗುರುತು ಒತ್ತಿದರೆ ಮ್ಯಾನೇಜರ್ ಕಣ್ಮರೆಯಾಗುತ್ತದೆಯೇ ಹೊರತು ಕ್ಲೈಂಟ್ ನಿಲ್ಲುವುದಿಲ್ಲ. ‘ಫೈಲ್’ ಮೆನುವಿನಿಂದ ಹೊರಬರುವಾಗ, ನಡೆಯುತ್ತಿರುವ ಕೆಲಸಗಳನ್ನೂ ನಿಲ್ಲಿಸಬೇಕೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕಬೇಕು.

ಇವೆಲ್ಲ ಸರಿಯಿದ್ದೂ ನಿಲ್ಲಿಸಿದ ಕೆಲಸವೇ ಪ್ರೊಸೆಸರ್ ತಿನ್ನುತ್ತಿದ್ದರೆ, ಆಗ ಮೂರನೆಯ ಕೈಯನ್ನು, ಅಂದರೆ ಲೆಕ್ಕದ ಪ್ರೋಗ್ರಾಮನ್ನು, ಸಂಶಯಿಸಬಹುದು. ಮೊದಲು ಒಂದು ನಿಮಿಷ ಕಾಯಿರಿ, ಕಡತಕ್ಕೆ ಬರೆಯುವಂತಹ ನಡುವೆ ಬಿಡಲಾಗದ ಕೆಲಸದಲ್ಲಿರುವ ಪ್ರೋಗ್ರಾಂ ಅದನ್ನು ಮುಗಿಸಿಯೇ ನಿಲ್ಲುತ್ತದೆ. ಬೋಯಿಂಕ್‌ಗೆಂದೇ ಬರೆದ ಪ್ರೋಗ್ರಾಮಿನೊಳಗೆ ಕ್ಲೈಂಟಿನ ಮಾತು ಕೇಳುವ ಭಾಗವೊಂದು ಸೇರಿರುತ್ತದೆ. ಆದರೆ ಬೇರೆ ಉದ್ದೇಶಕ್ಕೆ ಬರೆದ ಹಳೆಯ ಪ್ರೋಗ್ರಾಂಗಳನ್ನು ಯೋಜನೆಯವರು ‘ರ‍್ಯಾಪರ್’ ಎಂಬ ಹೊದಿಕೆಯೊಳಗಿಟ್ಟು ಕಳುಹಿಸುತ್ತಾರೆ. ಕ್ಲೈಂಟಿನ ಆದೇಶ ಈ ಹೊದಿಕೆಗೆ ತಲುಪುತ್ತದೆ, ಒಳಗಿನದನ್ನು ಅದು ನಿಲ್ಲಿಸಬೇಕು. ಒಳಗಿನ ಪ್ರೋಗ್ರಾಂ ತನ್ನಿಂದ ಮತ್ತೊಂದು ಪ್ರಕ್ರಿಯೆಯನ್ನು ಹುಟ್ಟಿಸಿದ್ದರೆ ಆ ಮರಿ ಪ್ರಕ್ರಿಯೆಗೆ ಸುದ್ದಿ ತಲುಪದೆ ಅದು ಓಡುತ್ತಲೇ ಇರಬಹುದು. ವರ್ಚುವಲ್‌ಬಾಕ್ಸ್ ಬಳಸುವ ಯೋಜನೆಗಳಲ್ಲಿ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರೇ ನಡೆಯುತ್ತಿರುತ್ತದೆ, ಆದ್ದರಿಂದ ಪಟ್ಟಿಯಲ್ಲಿ ವರ್ಚುವಲ್‌ಬಾಕ್ಸ್‌ನ ಹೆಸರು ಕಂಡರೆ ಅದರ ಸ್ವಂತ ಕಿಟಕಿ ತೆರೆದು ಒಳಗಿನ ಯಂತ್ರ ನಿಂತಿದೆಯೇ ಎಂದು ನೋಡಬೇಕು.

ಪಟ್ಟಿಯ ತುದಿಯಲ್ಲಿರುವುದು ಲೆಕ್ಕದ ಪ್ರೋಗ್ರಾಂ ಅಲ್ಲದಿರಲೂಬಹುದು. ಯೋಜನೆಯ ಚಿತ್ರ ತೋರಿಸುವ ಸ್ಕ್ರೀನ್‌ಸೇವರ್ ಬೇರೆಯೇ ಒಂದು ಪ್ರಕ್ರಿಯೆ. ಬೋಯಿಂಕ್‌ನ ಕಡತಗಳನ್ನು ಪರೀಕ್ಷಿಸುತ್ತಿರುವ ಆ್ಯಂಟಿವೈರಸ್ ಕೂಡ ಪ್ರೊಸೆಸರಿಗೆ ಭಾರ. ‘ನಿಂತಾಗಲೂ ಕೆಲಸವನ್ನು ಮೆಮೊರಿಯಲ್ಲಿ ಇಡು’ ಎಂಬ ಆಯ್ಕೆಯ ಮೇಲೆ ಕೆಲವರು ತಪ್ಪು ಹೊರಿಸುತ್ತಾರೆ, ಅದು ಮೆಮೊರಿಯ ಜಾಗವನ್ನಷ್ಟೇ ಹಿಡಿದಿಡುತ್ತದೆ, ಪ್ರೊಸೆಸರನ್ನು ಮುಟ್ಟುವುದಿಲ್ಲ.

ಬಲವಂತವಾಗಿ ಮುಗಿಸುವುದು ಕೊನೆಯ ದಾರಿ, ಅದರಲ್ಲಿಯೂ ಕ್ರಮವಿರಲಿ. ಲೆಕ್ಕದ ಪ್ರೋಗ್ರಾಂ ಆಗಾಗ ತಾನು ಮಾಡಿದ್ದನ್ನು ‘ಚೆಕ್‌ಪಾಯಿಂಟ್’ ಆಗಿ ಉಳಿಸಿಕೊಳ್ಳುತ್ತದೆ. ಅದನ್ನು ಹೊಡೆದುರುಳಿಸಿದರೆ ಕಳೆದ ಚೆಕ್‌ಪಾಯಿಂಟಿನ ನಂತರದ ಶ್ರಮವೆಲ್ಲ ವ್ಯರ್ಥ. ಕೆಲಸದ ‘ಪ್ರಾಪರ್ಟೀಸ್’ ತೆರೆದು ಚೆಕ್‌ಪಾಯಿಂಟ್ ಈಚೆಗಷ್ಟೇ ಆಗಿದೆಯೇ ಎಂದು ನೋಡಿಕೊಂಡು, ಮೊದಲು ಕ್ಲೈಂಟನ್ನು ಸರಿಯಾದ ರೀತಿಯಲ್ಲಿ ಮುಚ್ಚಿರಿ. ಕ್ಲೈಂಟಿನ ಸುಳಿವು ಸುಮಾರು 30 ಸೆಕೆಂಡ್ ಸಿಗದಿದ್ದರೆ ಲೆಕ್ಕದ ಪ್ರೋಗ್ರಾಂ ತಾನೇ ಹೊರಬರುವಂತೆ ವ್ಯವಸ್ಥೆಯಿದೆ. ಒಂದೆರಡು ನಿಮಿಷವಾದರೂ ಉಳಿದಿರುವ ಪ್ರಕ್ರಿಯೆ ಯಾರ ಹಿಡಿತದಲ್ಲೂ ಇಲ್ಲದ ಅನಾಥ ಪ್ರಕ್ರಿಯೆ; ಅದನ್ನಷ್ಟೇ ಟಾಸ್ಕ್ ಮ್ಯಾನೇಜರಿನಿಂದ ಮುಗಿಸಿ, ಬಳಿಕ ಬೋಯಿಂಕ್ ಮತ್ತೆ ತೆರೆಯಿರಿ.

ಮತ್ತೆ ಮತ್ತೆ ಒಂದೇ ಯೋಜನೆಯ ಕೆಲಸ ಹೀಗೆ ಮಾಡುತ್ತಿದ್ದರೆ ಅದನ್ನು ಯೋಜನೆಯವರಿಗೆ ತಿಳಿಸಲೇಬೇಕು, ಏಕೆಂದರೆ ಸರಿಪಡಿಸಲು ಸಾಧ್ಯವಿರುವುದು ಅವರಿಗೆ ಮಾತ್ರ. ಕಾರ್ಯಾಚರಣ ವ್ಯವಸ್ಥೆಯ ಹೆಸರು, ಬೋಯಿಂಕ್ ಆವೃತ್ತಿ, ಕೆಲಸದ ಪೂರ್ಣ ಹೆಸರು, ಟಾಸ್ಕ್ ಮ್ಯಾನೇಜರಿನಲ್ಲಿ ಕಂಡ ಪ್ರಕ್ರಿಯೆಯ ಹೆಸರು ಮತ್ತು ತೊಂದರೆ ಕಂಡ ಹೊತ್ತಿನ ಈವೆಂಟ್ ಲಾಗ್‌ನ ಸಾಲುಗಳು ಪತ್ರದಲ್ಲಿರಲಿ. ಬೋಯಿಂಕ್‌ನ ದತ್ತಾಂಶ ಫೋಲ್ಡರಿನೊಳಗೆ ‘ಸ್ಲಾಟ್ಸ್’ ಎಂಬಲ್ಲಿ ನಡೆಯುತ್ತಿರುವ ಪ್ರತಿ ಕೆಲಸಕ್ಕೂ ಅಂಕಿಯ ಹೆಸರಿನ ಒಂದೊಂದು ಫೋಲ್ಡರ್ ಇರುತ್ತದೆ. ಅದರಲ್ಲಿರುವ ದೋಷವರದಿಯ ಕಡತವನ್ನು ಕೆಲಸ ಮುಗಿಯುವ ಮೊದಲೇ ನಕಲು ಮಾಡಿಟ್ಟುಕೊಳ್ಳಿ, ಮುಗಿದ ಮೇಲೆ ಕ್ಲೈಂಟ್ ಆ ಫೋಲ್ಡರನ್ನು ಖಾಲಿ ಮಾಡಿಬಿಡುತ್ತದೆ.