ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕುವುದು ಹೇಗೆ? ಸ್ಕ್ರೂ ಸುಲಭ, ನಕಲು ಕಷ್ಟ

ಏಳೆಂಟು ವರ್ಷದ ಲ್ಯಾಪ್‌ಟಾಪ್ ಆನ್ ಮಾಡಿ, ಕಾಫಿ ಕುಡಿದು ಬಂದರೂ ಪರದೆ ಮೇಲೆ ಚುಕ್ಕಿಗಳು ಗಿರಗಿರ ಸುತ್ತುತ್ತಲೇ ಇರುತ್ತವೆ. ಹೆಚ್ಚಿನ ಸಲ ತಪ್ಪು ಪ್ರೊಸೆಸರಿನದ್ದಲ್ಲ. ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಇದೆ. ಒಂದೊಂದು ಸಣ್ಣ ಫೈಲಿಗೂ ಅದರ ಹೆಡ್ ಅತ್ತಿಂದಿತ್ತ ಓಡಬೇಕು. ಅದರ ಜಾಗದಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್, ಕೂರಿಸಿದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಆರಾಮಾಗಿ ಓಡುತ್ತದೆ.

ಜನ ಹೆದರುವುದು ಸ್ಕ್ರೂ ಬಿಚ್ಚುವುದಕ್ಕೆ. ಕೆಲಸ ಕೆಡುವುದು ಮಾತ್ರ ಹಳೆ ಡಿಸ್ಕಿನಲ್ಲಿದ್ದುದನ್ನು ಹೊಸದಕ್ಕೆ ನಕಲು ಮಾಡುವಾಗ. ನಾನು ನೋಡಿದ ಎಡವಟ್ಟುಗಳೆಲ್ಲ ಅಲ್ಲೇ ಆಗಿರುವುದು.

1. ಕೊಳ್ಳುವುದು

ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ 2.5 ಇಂಚಿನ ಸಾಟಾ (ಹಳೆ ಹಾರ್ಡ್ ಡಿಸ್ಕಿನಂಥದ್ದೇ ಕನೆಕ್ಟರ್ ಇರುವ) ಎಸ್‌ಎಸ್‌ಡಿ ಸಾಕು. ಕೆಲವದರಲ್ಲಿ ಸಣ್ಣ ಕಾರ್ಡಿನಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಕೂಡ ಇರುತ್ತದೆ. ಆದರೆ ಸಾಟಾ ಮಾತ್ರ ಒಪ್ಪುವ ಎಂ.2 ಸ್ಲಾಟ್‌ಗೆ ಎನ್‌ವಿಎಂಇ ಎಂಬ ಬೇರೆ ಬಗೆಯ ಕಾರ್ಡ್ ಹಾಕಿದರೆ ಕೆಲಸ ಮಾಡುವುದಿಲ್ಲ, ಮಾಡೆಲ್ ನಂಬರ್ ಹಾಕಿ ಮೊದಲೇ ನೋಡಿಕೊಳ್ಳಿ. 500 ಜಿಬಿಗಿಂತ ಕಡಿಮೆಯದು ಬೇಡ. ವಿಂಡೋಸ್ ಅದನ್ನು 465 ಜಿಬಿ ಎಂದು ತೋರಿಸುತ್ತದೆ, ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಲೆಕ್ಕ ಹಾಕುವ ರೀತಿ ಬೇರೆ, ಅಷ್ಟೇ.

ನಿಜವಾದ ಮೋಸ ಬೇರೆ ಕಡೆ ಇದೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ‘2 ಟಿಬಿ’ ಎಂದು ಆನ್‌ಲೈನ್‌ನಲ್ಲಿ ಮಾರುವ ಹೆಸರಿಲ್ಲದ ಡಿಸ್ಕ್‌ಗಳನ್ನು ಮುಟ್ಟಲೇಬೇಡಿ. ಒಳಗೆ ಸಣ್ಣ ಮೆಮೊರಿ ಕಾರ್ಡ್ ಅಂಟಿಸಿ, ದೊಡ್ಡ ಸಂಖ್ಯೆ ತೋರಿಸುವಂತೆ ಮಾಡಿರುತ್ತಾರೆ. ಬೆಂಗಳೂರಿನವರು ಎಸ್.ಪಿ. ರೋಡಿಗೆ ಹೋದರೂ ಸರಿಯೇ, ಬಿಲ್ಲು ಮತ್ತು ವಾರಂಟಿ ಇಲ್ಲದೆ ಕೊಳ್ಳಬೇಡಿ. ಜೊತೆಗೆ ಯುಎಸ್‌ಬಿಯಿಂದ ಸಾಟಾಗೆ ಹೋಗುವ ಕೇಬಲ್ ಬೇಕು. ಅದಿಲ್ಲದೆ ಮುಂದಿನ ಕೆಲಸ ಆಗುವುದಿಲ್ಲ.

2. ನಕಲಿಗೆ ಮುಂಚೆ

‘ಎಲ್ಲಾ ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕ್ತೀನಿ ಸಾರ್’ ಅನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ವೈರಸ್ ತುಂಬಿದ ಯಂತ್ರಕ್ಕೆ ಅದು ಸರಿ. ಉಳಿದವರಿಗೆ ಬೇಡ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹೋಗುತ್ತದೆ, ಪ್ರಿಂಟರ್ ಡ್ರೈವರ್ ಹೋಗುತ್ತದೆ. ಅಂಗಡಿಯವರಾದರೆ ಟ್ಯಾಲಿ ಲೆಕ್ಕವೂ ಹೋಗಬಹುದು. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುವುದೇ ಇಲ್ಲ, ಹಾಗಾಗಿ ‘ಡಾಕ್ಯುಮೆಂಟ್ಸ್ ಕಾಪಿ ಮಾಡಿಕೊಂಡಿದ್ದೀನಿ’ ಅಂದರೆ ಏನೂ ಉಳಿಯುವುದಿಲ್ಲ. ಇಡೀ ಡಿಸ್ಕಿನ ನಕಲೇ ವಾಸಿ.

ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಹಳೆ ಡಿಸ್ಕಿನ ಆರೋಗ್ಯ ನೋಡಿ. ‘ಕಾಷನ್’ ಅಥವಾ ‘ಬ್ಯಾಡ್’ ಅಂತ ಬಂದರೆ ನಕಲಿಗೆ ಕೈ ಹಾಕುವ ಮುನ್ನ ಮುಖ್ಯ ಫೋಟೊ, ಫೈಲುಗಳನ್ನು ಬೇರೆಡೆಗೆ ಸಾಗಿಸಿ. ಸಾಯುತ್ತಿರುವ ಡಿಸ್ಕನ್ನು ತುದಿಯಿಂದ ತುದಿಗೆ ಓದಿಸಿದರೆ ಅದು ಅರ್ಧದಲ್ಲೇ ಕೈ ಕೊಡಬಹುದು.

ಆಮೇಲೆ ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದಕ್ಕೆ ವಿಂಡೋಸ್ ಹಾಕುವ ಬೀಗ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿ ಇದು ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಬೀಗ ಪೂರ್ತಿ ಬಿಚ್ಚುವವರೆಗೆ ಕಾಯಿರಿ. 48 ಅಂಕಿಯ ರಿಕವರಿ ಕೀ ಇದ್ದರೆ ಅದನ್ನು ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿ ಏನು ಪ್ರಯೋಜನ?

3. ನಕಲು

ಚಾರ್ಜರ್ ಹಾಕಿ, ಸ್ಲೀಪ್ ಆಫ್ ಮಾಡಿ. ಹೊಸ ಎಸ್‌ಎಸ್‌ಡಿಯನ್ನು ಕೇಬಲ್ ಮೂಲಕ ಸಾಧ್ಯವಾದರೆ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಗೆ ಚುಚ್ಚಿ. ಸಾಮಾನ್ಯವಾಗಿ ಅದು 3.0. ಕಪ್ಪು ಕಿಂಡಿ ಹಳೆಯ 2.0 ಆಗಿದ್ದರೆ ನಕಲು ಗಂಟೆಗಟ್ಟಲೆ ಎಳೆಯುತ್ತದೆ.

ತಂತ್ರಾಂಶ ಯಾವುದು? ಸ್ಯಾಮ್‌ಸಂಗ್ ಡಿಸ್ಕ್ ಕೊಂಡರೆ ಅವರದೇ ಡೇಟಾ ಮೈಗ್ರೇಷನ್, ಡಬ್ಲ್ಯುಡಿ ಆದರೆ ಅವರು ಕೊಡುವ ಅಕ್ರೋನಿಸ್. ಕ್ಲೋನ್‌ಜಿಲ್ಲಾ ಉಚಿತ, ಒಳ್ಳೆಯದು, ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ. ಬರೀ ಅಕ್ಷರಗಳ ಪರದೆ. ಮೇಲಾಗಿ, 1 ಟಿಬಿಯಿಂದ 500 ಜಿಬಿಗೆ ಇಳಿಸಹೊರಟರೆ, ಡೇಟಾ ಕಡಿಮೆ ಇದ್ದರೂ ಸುಮ್ನೆ ಒಪ್ಪುವುದಿಲ್ಲ.

ಈಗ ಎಚ್ಚರ. ತಂತ್ರಾಂಶ ಎರಡು ಪ್ರಶ್ನೆ ಕೇಳುತ್ತದೆ: ಸೋರ್ಸ್ ಯಾವುದು, ಡೆಸ್ಟಿನೇಷನ್ ಯಾವುದು. ಇದು ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿ ಹಳೆ ಡಿಸ್ಕಿನ ಮೇಲೆ ನಕಲಾಗುತ್ತದೆ. ಮಗಳ ಮದುವೆ ಫೋಟೊ ಸಮೇತ ಎಲ್ಲ ಅಳಿಸಿಹೋಗುತ್ತದೆ. ‘ಡಿಸ್ಕ್ 0, ಡಿಸ್ಕ್ 1’ ಎಂಬ ಸಂಖ್ಯೆ ನಂಬಬೇಡಿ. ಕಂಪನಿ ಹೆಸರು, ಅಳತೆ, ಒಳಗಿರುವ ಭಾಗಗಳು, ಮೂರನ್ನೂ ನೋಡಿ. ಹಳೆಯದರಲ್ಲಿ ಸಿ, ಡಿ ಎಲ್ಲ ತುಂಬಿರುತ್ತವೆ, ಹೊಸದು ಬರೀ ಖಾಲಿ. ಹಳೆಯದೂ ಹೊಸದೂ ಒಂದೇ ಅಳತೆಯದಾಗಿದ್ದರೆ ಇನ್ನೂ ಹುಷಾರು.

ಎರಡನೆಯ ಎಡವಟ್ಟು: ‘ನಂಗೆ ಸಿ ಡ್ರೈವ್ ಸಾಕು’ ಎಂದು ಅದೊಂದನ್ನೇ ಆರಿಸುವುದು. ಸಿ, ಡಿ ಥರದ ಅಕ್ಷರವೇ ಇಲ್ಲದ, ಸುಮಾರು 100 ಎಂಬಿಯ ಇಎಫ್‌ಐ ಭಾಗ ಒಂದಿರುತ್ತದೆ. ಯಂತ್ರ ಎದ್ದೇಳುವುದೇ ಅದರಿಂದ. ಇಡೀ ಡಿಸ್ಕನ್ನೇ ಆರಿಸಿ.

ಮೂರನೆಯದು ರಿಕವರಿ ಭಾಗ, ಅಂದರೆ ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾಗುವ ಭಾಗ. ಅದು ಹೆಚ್ಚಾಗಿ ಸಿ ಡ್ರೈವ್‌ನ ಹಿಂದೆಯೇ ಅಂಟಿಕೊಂಡಿರುತ್ತದೆ. ದೊಡ್ಡ ಎಸ್‌ಎಸ್‌ಡಿಗೆ ಹಾಗೇ ನಕಲಿಸಿದರೆ ಖಾಲಿ ಜಾಗ ಅದರ ಆಚೆ ಉಳಿದು, ಸಿ ಡ್ರೈವನ್ನು ಹಿಗ್ಗಿಸುವ ‘ಎಕ್ಸ್‌ಟೆಂಡ್ ವಾಲ್ಯೂಮ್’ ಒತ್ತಲು ಬರುವುದಿಲ್ಲ. ನಕಲಿಗೆ ಮೊದಲೇ ತಂತ್ರಾಂಶದಲ್ಲಿ ಭಾಗಗಳ ಅಳತೆ ಹಿಗ್ಗಿಸಿಕೊಳ್ಳಿ.

ನಕಲು ಮುಗಿದ ಮೇಲೆ ಎರಡೂ ಡಿಸ್ಕ್ ಸಿಕ್ಕಿಸಿಕೊಂಡೇ ರೀಸ್ಟಾರ್ಟ್ ಮಾಡಬೇಡಿ. ಯಂತ್ರ ಹಳೆಯದರಿಂದಲೇ ಎದ್ದು, ‘ಎಸ್‌ಎಸ್‌ಡಿ ಹಾಕಿದರೂ ಸ್ಪೀಡ್ ಬರಲಿಲ್ಲ’ ಎಂದು ದೂರುವವರಿದ್ದಾರೆ. ಶಿಫ್ಟ್ ಒತ್ತಿ ಹಿಡಿದು ಶಟ್ ಡೌನ್ ಮಾಡಿ. ಆಗ ಪೂರ್ತಿ ಆಫ್ ಆಗುತ್ತದೆ.

4. ಬಿಚ್ಚಿ ಹಾಕುವುದು

ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂತಿದ್ದರೆ ಅದನ್ನೂ ತೆಗೆಯಿರಿ, ಒಳಗಿದ್ದರೆ ಮುಚ್ಚಳ ತೆಗೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಯಾವುದು ಎಲ್ಲಿಯದು ಎಂದು ಕಾಗದದ ಮೇಲೆ ಗುರುತು ಹಾಕಿಡಿ. ಅಡಿಯ ರಬ್ಬರ್ ಕಾಲುಗಳ ಕೆಳಗೂ ಒಂದೆರಡು ಅಡಗಿರಬಹುದು. ಮುಚ್ಚಳಕ್ಕೆ ಹಳೆ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ಡಿಸ್ಕಿನ ಸುತ್ತಲಿನ ಲೋಹದ ಚೌಕಟ್ಟನ್ನು ಹೊಸದಕ್ಕೆ ಬದಲಿಸಿ, ಕನೆಕ್ಟರ್ ನೇರವಾಗಿ ಒತ್ತಿ, ಮುಚ್ಚಿ.

5. ಆನ್ ಮಾಡಿದ ಮೇಲೆ

‘ಬೂಟ್ ಡಿವೈಸ್ ನಾಟ್ ಫೌಂಡ್’ ಅಂದರೆ ಕನೆಕ್ಟರ್ ಸರಿಯಾಗಿ ಕೂತಿದೆಯಾ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚಿನ ಸೆಟ್ಟಿಂಗ್ಸ್ ಪರದೆಯಲ್ಲಿ) ಎಸ್‌ಎಸ್‌ಡಿ ಕಾಣುತ್ತಿದೆಯಾ ನೋಡಿ. ವಿಂಡೋಸ್ ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಲ್ಯಾಪ್‌ಟಾಪ್ ಜೊತೆ ಬಂದಿದ್ದಾದರೆ ಅದು ಮದರ್‌ಬೋರ್ಡಿಗೆ ಅಂಟಿರುತ್ತದೆ. ‘ಸ್ಪೀಡ್ ಬೂಸ್ಟರ್’, ಡಿಫ್ರ್ಯಾಗ್ (ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸುವ) ತಂತ್ರಾಂಶಗಳಿದ್ದರೆ ಕಿತ್ತುಹಾಕಿ. ಎಸ್‌ಎಸ್‌ಡಿಗೆ ಬೇಕಾದದ್ದನ್ನು ವಿಂಡೋಸೇ ನೋಡಿಕೊಳ್ಳುತ್ತದೆ.

ಹಳೆ ಡಿಸ್ಕನ್ನು ಒಂದು ತಿಂಗಳು ಮುಟ್ಟದೆ ಇಡಿ, ಏನಾದರೂ ಬಿಟ್ಟುಹೋಗಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಯುಎಸ್‌ಬಿ ಕೇಸಿಂಗ್ ಹಾಕಿ ಬ್ಯಾಕಪ್‌ಗೆ ಬಳಸಬಹುದು. ಯಾರಿಗಾದರೂ ಕೊಡುವುದಾದರೆ ಅದರ ಎಲ್ಲ ಭಾಗಗಳನ್ನೂ ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿಯೇ ಕೊಡಿ. ಬರೀ ಕ್ವಿಕ್ ಮಾಡಿದರೆ ಒಳಗಿನ ಆಧಾರ್, ಪ್ಯಾನ್ ಪ್ರತಿಗಳನ್ನು ಯಾರು ಬೇಕಾದರೂ ಮತ್ತೆ ಹೊರತೆಗೆಯಬಹುದು.